"ನಿಮ್ಮಪ್ಪಂಗೆ ಕಳಿಸ್ತೀನಿ": ನಮ್ಮ ಮನೆಯಲ್ಲೇ ನಡೆದ ಒಂದು ಪ್ರಕರಣ

ಇದು ನನ್ನ ಅಣ್ಣನ ಮಗನ ವಿಷಯ. ಆಗ ಅವನಿಗೆ 14 ವರ್ಷ, ಒಂಬತ್ತನೇ ಕ್ಲಾಸು. ಹೆಸರು ಬರೆಯುವುದಿಲ್ಲ, ಊರಿನ ಹೆಸರೂ ಬೇಡ. ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರ ಅಂದುಕೊಳ್ಳಿ, ಸಾಕು. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಬರೆದಾದ ಮೇಲೆ ಮೊದಲು ಅವನ ಕೈಗೇ ಕೊಟ್ಟೆ. ಪೆನ್ಸಿಲ್ ಹಿಡಿದು ಕೂತು ಓದಿದ. ಮೂರು ಕಡೆ ಗೆರೆ ಎಳೆದು, "ಇದು ಬೇಡ ಅತ್ತೆ" ಅಂದ. ತೆಗೆದಿದ್ದೇನೆ. ಉಳಿದದ್ದಕ್ಕೆ ಹೂಂ ಅಂದಿದ್ದಾನೆ.

ನಾನು ಬೇರೆ ಜಿಲ್ಲೆಯಲ್ಲಿ ಹೈಸ್ಕೂಲು ಟೀಚರ್. ಪೋಷಕರ ಸಭೆಯಲ್ಲಿ ಮೈಕ್ ಹಿಡಿದು, ಮಕ್ಕಳ ಕೈಗೆ ಮೊಬೈಲ್ ಕೊಡುವಾಗ ಹುಷಾರು ಅಂತ ಭಾಷಣ ಮಾಡುವವಳು. ಪೋಕ್ಸೋ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಕಾಯ್ದೆ, ಅದರ ತರಬೇತಿಗೂ ಹೋಗಿ ಕೂತಿದ್ದೆ. ನಿಜ ಹೇಳಬೇಕೆಂದರೆ ಊಟದ ನಂತರದ ಸೆಷನ್ನಿನಲ್ಲಿ ಅರ್ಧ ತೂಕಡಿಸಿದ್ದೆ. ಅಲ್ಲಿ ಕೇಳಿದ್ದು ನನ್ನ ತವರಿನಲ್ಲೇ ಬೇಕಾಗುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಮನೆ ಹೀಗಿದೆ

ಅಣ್ಣನದು ಎಲೆಕ್ಟ್ರಿಕಲ್ ಅಂಗಡಿ. ವೈರು, ಸ್ಟಾರ್ಟರು, ಪಂಪ್‌ಸೆಟ್ಟಿನ ಸಾಮಾನು. ಒಳ್ಳೆಯವನು, ಆದರೆ ಬಾಯಿ ಜೋರು, ಕೈ ಇನ್ನೂ ಮುಂದೆ. ಅತ್ತಿಗೆ ಮನೆ ಮತ್ತು ಟೈಲರಿಂಗು. ಅಮ್ಮ, ಅಂದರೆ ಹುಡುಗನ ಅಜ್ಜಿ, ಅವರ ಜೊತೆಗೇ ಇದ್ದಾರೆ. ಹುಡುಗನ ಬಳಿ ಇದ್ದದ್ದು ಅಣ್ಣನ ಹಳೇ ಫೋನು. ಕೊರೋನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಅವನ ಕೈಗೆ ಬಂದದ್ದು, ಆಮೇಲೆ ವಾಪಸ್ ಹೋಗಲೇ ಇಲ್ಲ. ಎಷ್ಟೋ ಮನೆಗಳಲ್ಲಿ ಇದೇ ಕಥೆ ಅಲ್ವಾ.

ಯುಗಾದಿ ಹೊತ್ತಿಗೆ ಒಂದು ಘಟನೆ ಆಗಿತ್ತು, ಅದನ್ನು ಇಲ್ಲೇ ಹೇಳಬೇಕು. ಗೇಮಿನಲ್ಲಿ ಏನೋ ಕೊಳ್ಳಲು ಹುಡುಗ ತನ್ನ ಅಮ್ಮನ, ಅಂದರೆ ಅತ್ತಿಗೆಯ ಫೋನಿಂದ 800 ರೂಪಾಯಿ ಕಳೆದಿದ್ದ. ಎರಡು ದಿನ ಒದ್ದಾಡಿ, ತಾನೇ ಹೋಗಿ ಅಮ್ಮನಿಗೆ ಹೇಳಿದ. ಅಮ್ಮ ಅಪ್ಪನಿಗೆ ಹೇಳಿದಳು. ಅಪ್ಪ ಫೋನನ್ನು ನೆಲಕ್ಕೆ ಅಪ್ಪಳಿಸಿದ. ಎರಡು ತಿಂಗಳು ಫೋನ್ ಇಲ್ಲ, ಬಂದ ನೆಂಟರ ಮುಂದೆಲ್ಲಾ "ನಮ್ಮನೆ ಕಳ್ಳ" ಅನ್ನುವ ಬಿರುದು ಬೇರೆ. ಡಿಸ್‌ಪ್ಲೇ ಹಾಕಿಸಿ ಫೋನ್ ವಾಪಸ್ ಕೊಟ್ಟಿದ್ದು ಶಾಲೆ ಶುರುವಾದ ಮೇಲೆ. ಮನೆಯವರಿಗೆಲ್ಲಾ ಅದು ಮುಗಿದ ಮಾತು. ಹುಡುಗನಿಗೆ ಅಲ್ಲ. ತಪ್ಪು ಮಾಡಿ ತಾನಾಗೇ ಹೇಳಿದರೆ ಏನಾಗುತ್ತದೆ ಅನ್ನುವುದನ್ನು ಅವನು ಅಲ್ಲಿ ಕಲಿತಿದ್ದ.

ಒಂಬತ್ತು ದಿನ

ಆಷಾಢದಲ್ಲಿ ಶುರುವಾಯಿತು. ಗೇಮಿನ ಚಾಟಿನಲ್ಲಿ ಒಂದು ಮೆಸೇಜು, "ಸೂಪರಾಗಿ ಆಡ್ತೀಯ" ಅನ್ನುವ ಅರ್ಥದ್ದು. ಅಲ್ಲಿಂದ ಇನ್‌ಸ್ಟಾಗ್ರಾಮ್. ಹುಡುಗಿಯ ಹೆಸರಿನ ಖಾತೆ, ಡಿಪಿಯಲ್ಲಿ ಲಂಗದಾವಣಿ. ಹತ್ತನೇ ಕ್ಲಾಸಂತೆ, ಊರು ಮೈಸೂರಂತೆ.

ಆ ಚಾಟನ್ನು ನಾನು ಆಮೇಲೆ ಪೂರ್ತಿ ಓದಿದೆ. ಒಂದು ಮಧ್ಯಾಹ್ನವಿಡೀ ಕೂತು ಓದಿದೆ. ಓದುವಾಗ ಮೈ ಉರಿದದ್ದು ಕೊನೆಯ ಬೆದರಿಕೆಗಳಿಗಲ್ಲ, ಮೊದಲ ವಾರದ ಮಾತುಗಳಿಗೆ.

ಕನ್ನಡ ಎಲ್ಲಾ ಯಂತ್ರದ ಅನುವಾದ. "ನೀವು ನಿಮ್ಮ ಊಟವನ್ನು ಹೊಂದಿದ್ದೀರಾ?" ಅಂತ ಒಂದು ಮೆಸೇಜು. ನಮ್ಮ ಹುಡುಗ ಬಿದ್ದೂ ಬಿದ್ದೂ ನಕ್ಕಿದ್ದಾನೆ, ಸಾಲು ಸಾಲು ನಗುವ ಮುಖ ಕಳಿಸಿದ್ದಾನೆ. ತಾನು ಮುಂಬೈನಲ್ಲಿ ಬೆಳೆದದ್ದು, ಕನ್ನಡ ಸರಿಯಾಗಿ ಬರಲ್ಲ ಅಂತ ಅತ್ತ ಕಡೆಯಿಂದ ಸಮಜಾಯಿಷಿ. ಹಾಗಾದರೆ ನಾನು ಕಲಿಸ್ತೀನಿ ಅಂದಿದ್ದಾನೆ ಇವನು. ಊಟವನ್ನು ಹೊಂದಿದ್ದೀರಾ ಅಲ್ಲ, ಊಟ ಆಯ್ತಾ. ತಂದೆ ಅಂತ ಯಾರೂ ಅನ್ನಲ್ಲ, ಅಪ್ಪ ಅನ್ನು. ನಿಮ್ಮ ತಂದೆಗೆ ಅಲ್ಲ, ನಿಮ್ಮಪ್ಪಂಗೆ. ಕ್ಲಾಸಿನಲ್ಲಿ ಕೊನೇ ಬೆಂಚಿನ ಹುಡುಗ, ಜೀವನದಲ್ಲಿ ಮೊದಲ ಸಲ ಇನ್ನೊಬ್ಬರಿಗೆ ಮೇಷ್ಟ್ರಾಗಿದ್ದ. ದಿನಾ ಮಧ್ಯಾಹ್ನ ಒಂದೂವರೆಗೆ ಸರಿಯಾಗಿ "ಊಟ ಆಯ್ತಾ?" ಅಂತ ಮೆಸೇಜು ಬರುತ್ತಿತ್ತು. ಫೋನು ಮನೆಯಲ್ಲಿ, ಇವನು ಶಾಲೆಯಲ್ಲಿ. ಸಂಜೆ ಬಂದವನೇ ನೋಡುತ್ತಿದ್ದದ್ದು ಅದನ್ನೇ.

ಆ ಮಾತುಗಳ ನಡುವೆ ಮೂರು ಪ್ರಶ್ನೆ ತೂರಿಕೊಂಡಿವೆ. ಎರಡನೇ ದಿನ: ನಿನ್ನ ಫೋನ್ ಮನೆಯಲ್ಲಿ ಯಾರಾದರೂ ನೋಡ್ತಾರಾ? ಮೂರನೇ ದಿನ: ರೂಮಿನಲ್ಲಿ ನೀನೊಬ್ಬನೇ ಮಲಗೋದಾ? ಐದನೇ ದಿನ: ಅಪ್ಪ ಸ್ಟ್ರಿಕ್ಟಾ? ಮೂರನೆಯದಕ್ಕೆ ಇವನು ಬರೆದಿದ್ದಾನೆ, "ತುಂಬಾ. ಗೊತ್ತಾದ್ರೆ ಸಾಯಿಸ್ತಾರೆ."

ಅತ್ತ ಕೂತವನಿಗೆ ಬೇಕಾದದ್ದು ಆ ಉತ್ತರವೇ. ಈ ಮಗುವಿನ ಮೇಲೆ ಯಾವ ಗುಂಡಿ ಒತ್ತಬೇಕು ಅಂತ ಮಗುವೇ ತೋರಿಸಿಕೊಟ್ಟ ಹಾಗಾಯಿತು.

ಒಂಬತ್ತನೇ ರಾತ್ರಿ ವಿಡಿಯೋ ಕಾಲ್. ಏನಾಯಿತು ಅನ್ನುವುದನ್ನು ಇಲ್ಲಿ ಬರೆಯಬೇಕಿಲ್ಲ. ಮೊದಲೇ ರೆಕಾರ್ಡ್ ಮಾಡಿಟ್ಟ ಯಾರದೋ ವಿಡಿಯೋವನ್ನು ಕಾಲಿನಲ್ಲಿ ಓಡಿಸುತ್ತಾರೆ, ಇತ್ತ ಕಡೆಯವರದ್ದನ್ನು ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಈ ದಂಧೆಯಲ್ಲಿ ದೊಡ್ಡವರೂ ಸಿಕ್ಕಿಬೀಳುತ್ತಾರೆ, ರಾಜಸ್ಥಾನ–ಹರಿಯಾಣ ಗಡಿಯ ಮೇವಾತ್ ಕಡೆಯ ಗ್ಯಾಂಗುಗಳ ಸುದ್ದಿ ಪೇಪರಿನಲ್ಲಿ ಓದಿರುತ್ತೀರಿ. ಇಲ್ಲಿ ಯಾವ ಗ್ಯಾಂಗೋ ಗೊತ್ತಿಲ್ಲ. ಕಾಲ್ ಕಟ್ಟಾಗಿ ನಾಲ್ಕು ನಿಮಿಷಕ್ಕೆ ವಿಡಿಯೋ ತುಣುಕು ಇವನ ಇನ್‌ಬಾಕ್ಸಿಗೇ ಬಂತು. ಜೊತೆಗೆ ಇವನ ಫಾಲೋವರ್‌ಗಳ ಪಟ್ಟಿಯ ಸ್ಕ್ರೀನ್‌ಶಾಟು. ಇನ್ನೊಂದು ಫೋಟೋ, ಇವನೇ ಹಿಂದೆ ಹಾಕಿಕೊಂಡಿದ್ದು, ಅಂಗಡಿ ಬೋರ್ಡಿನ ಮುಂದೆ ನಿಂತು ತೆಗೆಸಿಕೊಂಡದ್ದು. ಬೋರ್ಡಿನಲ್ಲಿ ಅಣ್ಣನ ಎರಡೂ ಮೊಬೈಲ್ ನಂಬರು. ಆ ನಂಬರುಗಳ ಸುತ್ತ ಕೆಂಪು ಗೆರೆ ಎಳೆದು ಕಳಿಸಿದ್ದರು.

ಕೆಳಗೆ ಒಂದೇ ಸಾಲು: "ನಿಮ್ಮಪ್ಪಂಗೆ ಕಳಿಸ್ತೀನಿ."

ವ್ಯಾಕರಣ ಸರಿಯಾಗಿತ್ತು. ಕಲಿಸಿದ್ದು ಇವನೇ.

ಹದಿನೇಳು ದಿನ

ಮೊದಲು 500. ಆಮೇಲೆ ಇನ್ನೊಂದು 500. ಆಮೇಲೆ 1000, 1500, 2000, 3000. ಒಟ್ಟು 8,500 ರೂಪಾಯಿ, ಆರು ಕಂತು. ಇವನ ಫೋನಿನಲ್ಲಿ ಯುಪಿಐ ಇರಲಿಲ್ಲ. ಅದಕ್ಕೆ ಬಸ್‌ಸ್ಟ್ಯಾಂಡ್ ಹತ್ತಿರದ ರೀಚಾರ್ಜ್ ಅಂಗಡಿಗೆ ಹೋಗಿ ಕ್ಯಾಶ್ ಕೊಟ್ಟು, "ಅಣ್ಣಾ, ಈ ನಂಬರಿಗೆ ಹಾಕಿ" ಅನ್ನುತ್ತಿದ್ದ. ಮೊದಲ ಎರಡು ಸಲ ಅಜ್ಜಿ ಕೊಟ್ಟಿದ್ದ ಹಬ್ಬದ ದುಡ್ಡು. ಉಳಿದದ್ದು ಅಂಗಡಿ ಗಲ್ಲಾದಿಂದ.

ನಡುವೆ ಒಂದು ದಿನ ಪೊಲೀಸ್ ಟೋಪಿಯ ಡಿಪಿ ಇರುವ ನಂಬರಿಂದ ವಾಟ್ಸಾಪ್ ಕಾಲ್ ಬಂತು. ನಿನ್ನ ಮೇಲೆ ಕೇಸಾಗಿದೆ, ವಿಡಿಯೋ ತೆಗೆಸಬೇಕಾದರೆ ಫೀಸು ಕಟ್ಟಬೇಕು ಅಂತ. ಇದೂ ಆ ದಂಧೆಯ ಮಾಮೂಲಿ ನಾಟಕದ ಎರಡನೇ ಅಂಕ. ಇವನಿಗೆ ಹೇಗೆ ಗೊತ್ತಾಗಬೇಕು?

ಮನೆಯಲ್ಲಿ ಯಾರಿಗೂ ಏನೂ ಕಾಣಲಿಲ್ಲವಾ ಅಂದರೆ, ಅಮ್ಮನಿಗೆ ಕಂಡಿತ್ತು. ಹುಡುಗ ಬಸ್ಸಾರಿನ ದಿನವೂ ಅರ್ಧ ಮುದ್ದೆಗೆ ಏಳುತ್ತಿದ್ದಾನೆ, ಬಚ್ಚಲಿಗೂ ಫೋನ್ ತಗೊಂಡು ಹೋಗುತ್ತಾನೆ, ರಾತ್ರಿ ಎದ್ದು ಕೂತಿರುತ್ತಾನೆ ಅಂತ ಅತ್ತಿಗೆಗೆ ಹೇಳಿದ್ದರಂತೆ. ದೃಷ್ಟಿ ಆಗಿರಬೇಕು ಅಂತ ನಿವಾಳಿಸಿ ಹಾಕಿದರಂತೆ. ನಗಬೇಡಿ. ಏನೋ ಆಗಿದೆ ಅಂತ ಗುರುತಿಸಿದ್ದು ಆ ಮನೆಯಲ್ಲಿ ಅವರೊಬ್ಬರೇ.

ಬಯಲಾದದ್ದು ರೀಚಾರ್ಜ್ ಅಂಗಡಿಯವನಿಂದ. ಆರನೇ ಕಂತಿನ ಮರುದಿನ ಸಂಜೆ ಅಣ್ಣನ ಅಂಗಡಿಗೆ ಬಲ್ಬ್ ಕೊಳ್ಳಲು ಬಂದವನು, "ನಿಮ್ ಹುಡ್ಗ ನಿನ್ನೆ ಯಾರಿಗೋ ಮೂರು ಸಾವಿರ ಹಾಕಿಸ್ದ, ನಿಮಗೆ ಗೊತ್ತಾ ಅಣ್ಣಾ?" ಅಂದ.

ಅಣ್ಣ ಷಟರ್ ಅರ್ಧ ಎಳೆದು ಮನೆಗೆ ಬಂದ. ಎರಡು ಬಿಟ್ಟ. ಹುಡುಗ ಬಾಯಿ ಬಿಡಲಿಲ್ಲ. ಅತ್ತಿಗೆ ಫೋನ್ ತಗೊಂಡು ನೋಡಿದವಳು, ಅಲ್ಲೇ ಕುಸಿದು ಕೂತು, ಆಮೇಲೆ ನನಗೆ ಕಾಲ್ ಮಾಡಿದಳು. ಆಗ ರಾತ್ರಿ ಒಂಬತ್ತೂವರೆ.

ಆ ರಾತ್ರಿ

ಫೋನಿನಲ್ಲಿ ನಾನು ಹೇಳಿದ ಮೊದಲ ಮಾತು: ಅವನನ್ನು ಒಬ್ಬನೇ ಬಿಡಬೇಡಿ, ಯಾರಾದರೂ ಪಕ್ಕದಲ್ಲೇ ಮಲಗಿ. ಇಂಥ ವಿಷಯ ಬಯಲಾದ ರಾತ್ರಿ ಮಕ್ಕಳಿಗೆ ತುಂಬಾ ಅಪಾಯದ್ದು. ದುಡ್ಡು, ವಿಡಿಯೋ, ಪೊಲೀಸು ಎಲ್ಲಾ ಆಮೇಲೆ. ಬೈಯುವುದಿದ್ದರೆ ಅಣ್ಣ ಬೇಕಾದರೆ ನನಗೆ ಬೈಯಲಿ ಅಂದೆ. ಅಮ್ಮ ಚಾಪೆ ತಗೊಂಡು ಹೋಗಿ ಮೊಮ್ಮಗನ ಪಕ್ಕ ಮಲಗಿದರು. ಏನಾಗಿದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಅವರೂ ಕೇಳಲಿಲ್ಲ.

ಎರಡನೇ ಮಾತು: ಏನನ್ನೂ ಡಿಲೀಟ್ ಮಾಡಬೇಡಿ. ಅತ್ತಿಗೆಯ ಬೆರಳು ಆಗಲೇ ಆ ಕಡೆ ಹೋಗಿತ್ತು. ಪಾಪ, ಯಾವ ತಾಯಿಗೆ ಇಟ್ಟುಕೊಳ್ಳಬೇಕು ಅನ್ನಿಸುತ್ತೆ? ಆದರೆ ಆ ಚಾಟು, ಆ ಖಾತೆಯ ಹೆಸರು, ಕಾಲ್ ಬಂದ ನಂಬರು, ದುಡ್ಡು ಹೋದ ಯುಪಿಐ ಐಡಿ ಇವು ಇದ್ದರೇ ಕೇಸು. ಮೂರನೆಯದು: ಒಂದು ರೂಪಾಯಿಯೂ ಇನ್ನು ಹಾಕಬೇಡಿ, ಉತ್ತರವನ್ನೂ ಕೊಡಬೇಡಿ. ನಾಲ್ಕನೆಯದು, ಇದನ್ನು ಒತ್ತಿ ಹೇಳಿದೆ: ಆ ವಿಡಿಯೋವನ್ನು ನನಗೂ ಕಳಿಸಬೇಡಿ, ಗುರುತಿನ ಲಾಯರಿಗೂ ಕಳಿಸಬೇಡಿ, ಯಾರಿಗೂ. ಚಾಟಿನ ಸ್ಕ್ರೀನ್‌ಶಾಟ್ ಬೇರೆ, ಮಗುವಿನ ಅಂಥ ದೃಶ್ಯ ಬೇರೆ. ಸಹಾಯ ಕೇಳುವ ನೆಪದಲ್ಲಿ ಮನೆಯವರೇ ಅದನ್ನು ನಾಲ್ಕು ಫೋನಿಗೆ ಹರಡಿದ ಉದಾಹರಣೆ ನನಗೆ ಗೊತ್ತು, ಮತ್ತು ಹಂಚುವುದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 67ಬಿ ಪ್ರಕಾರ ಅಪರಾಧ, ಹಂಚಿದವರು ಅಪ್ಪನೇ ಆಗಿದ್ದರೂ.

ಆಮೇಲೆ 1930. ಆನ್‌ಲೈನ್ ದುಡ್ಡಿನ ಮೋಸಕ್ಕೆ ಇರುವ ಸಹಾಯವಾಣಿ ಅದು. ಬೇಗ ಮಾಡಿದಷ್ಟೂ ದುಡ್ಡು ಮುಂದಿನ ಖಾತೆಗೆ ಹಾರುವ ಮೊದಲು ತಡೆಯುವ ಅವಕಾಶ ಜಾಸ್ತಿ. ಇಲ್ಲೊಂದು ತೊಡಕು ಬಂತು. ದುಡ್ಡು ಹೋದದ್ದು ರೀಚಾರ್ಜ್ ಅಂಗಡಿಯವನ ಖಾತೆಯಿಂದ. ಪ್ರತಿ ಯುಪಿಐ ಪಾವತಿಗೂ 12 ಅಂಕಿಯ ಒಂದು ನಂಬರ್ ಇರುತ್ತದಲ್ಲಾ, ಯುಟಿಆರ್ ಅಂತಾರೆ, ಅದು ಅವನ ಫೋನಿನಲ್ಲಿದೆ. ಅಣ್ಣ ಅವನ ಮನೆಗೆ ಹೋದರೆ, ನನ್ನ ಅಕೌಂಟ್ ಫ್ರೀಜ್ ಆಗಿಬಿಟ್ಟರೆ ಏನು ಗತಿ ಅಂತ ಅವನಿಗೆ ಹೆದರಿಕೆ. ಅರ್ಧ ಗಂಟೆ ಒಪ್ಪಿಸಬೇಕಾಯಿತು. ಮೂರನೇ ಸಲಕ್ಕೆ 1930 ಸಿಕ್ಕಿತು. ರಾತ್ರಿ ಹತ್ತೂ ಮುಕ್ಕಾಲಿಗೆ ದೂರಿನ ನಂಬರ್ ಬಂತು.

ತಾರಸಿ ಮೇಲೆ

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ಹತ್ತು ಗಂಟೆಗೆ ತಲುಪಿದೆ. ಹುಡುಗ ತಾರಸಿಯಲ್ಲಿ ನೀರಿನ ಟ್ಯಾಂಕಿನ ನೆರಳಿಗೆ ಕೂತಿದ್ದ. ಏನು ಕೇಳಬೇಕು ಅಂತ ಬಸ್ಸಿನಲ್ಲಿ ಮೂರು ಗಂಟೆ ಯೋಚಿಸಿದ್ದೆ. ಎಲ್ಲಾ ಮರೆತುಹೋಗಿ, "ಊಟ ಆಯ್ತಾ?" ಅಂದೆ.

ಅವನು ಬೆಚ್ಚಿಬಿದ್ದು ನೋಡಿದ. ಯಾಕೆ ಅಂತ ಆಗ ಗೊತ್ತಾಗಲಿಲ್ಲ. ಆಮೇಲೆ ಚಾಟ್ ಓದಿದಾಗ ಗೊತ್ತಾಯಿತು.

ಸುಮಾರು ಹೊತ್ತು ಸುಮ್ನೆ ಕೂತಿದ್ದೆವು. ವಿಡಿಯೋ ಬಗ್ಗೆ ನಾನೇನೂ ಕೇಳಲಿಲ್ಲ. ನಿನ್ನ ತಪ್ಪಲ್ಲ ಕಣೋ, ಮೋಸ ಮಾಡಿದವನದ್ದು ತಪ್ಪು ಅಂತ ಒಂದೆರಡು ಸಲ ಹೇಳಿದೆ. ಕೊನೆಗೆ, "ಮೊದಲ ದಿನವೇ ಯಾಕೋ ಹೇಳ್ಲಿಲ್ಲ?" ಅಂದೆ. ಆ ಪ್ರಶ್ನೆಯಲ್ಲೂ ದೂರುವ ಧಾಟಿ ಇದೆ ಅಂತ ಈಗ ಅನ್ನಿಸುತ್ತದೆ, ಕೇಳಬಾರದಿತ್ತು. ಅವನು ಹೇಳಿದ್ದು ಇಷ್ಟು: "ಹೇಳಿದ್ರೂ ಅಪ್ಪಂಗೇ ಗೊತ್ತಾಗೋದು, ದುಡ್ಡು ಕೊಡದಿದ್ರೂ ಅಪ್ಪಂಗೇ ಗೊತ್ತಾಗೋದು. ದುಡ್ಡು ಕೊಟ್ರೆ ಮಾತ್ರ ಗೊತ್ತಾಗಲ್ಲ ಅಂತ."

14 ವರ್ಷದ ಹುಡುಗನ ಲೆಕ್ಕ ಅದು. ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಆ ಚಾಟಿನಲ್ಲಿ ಬೆದರಿಕೆಯ ಮೆಸೇಜು ಎಷ್ಟೋ ಇವೆ. ಊರಿಗೆಲ್ಲಾ ಹಂಚ್ತೀನಿ ಅನ್ನುವುದು ಎರಡೋ ಮೂರೋ. ಉಳಿದದ್ದೆಲ್ಲಾ ಅಪ್ಪ, ಅಪ್ಪ, ಅಪ್ಪ. ಎಲ್ಲೋ ಕೂತ ಅಪರಿಚಿತ ನಮ್ಮ ಮನೆಯೊಳಗೆ ಕೈ ಚಾಚಿ ಹಿಡಿದಿದ್ದ ದೊಣ್ಣೆ ನನ್ನ ಅಣ್ಣ.

ಇದನ್ನು ಅಣ್ಣನಿಗೆ ಹೇಳುವುದು ಅವತ್ತಿನ ಅತ್ಯಂತ ಕಷ್ಟದ ಕೆಲಸ. ಹೇಳಿದೆ. ಅವನು, "ಅಂದ್ರೆ ನಾನೇ ತಪ್ಪಾ?" ಅಂತ ರೇಗಿದ. ನೀನು ತಪ್ಪಲ್ಲಣ್ಣ, ಆದರೆ ಅವನು ಬಳಸಿಕೊಂಡದ್ದು ನಿನ್ನನ್ನೇ ಅಂದೆ. ಎದ್ದು ಅಂಗಡಿಗೆ ಹೋದ. ಮಧ್ಯಾಹ್ನ ಊಟಕ್ಕೂ ಬರಲಿಲ್ಲ.

ಠಾಣೆ

ಅಣ್ಣನಿಗೆ ಪೊಲೀಸು ಬೇಡವಾಗಿತ್ತು. ಹದಿನೈದು ಸಾವಿರ ಬಿಸಾಕಿ ಮುಗಿಸೋಣ, ಟಿಸಿ ತಗೊಂಡು ಬೇರೆ ಊರಲ್ಲಿ ಶಾಲೆಗೆ ಹಾಕೋಣ ಅಂದ. ಎರಡೂ ಆಗುವ ಮಾತಲ್ಲ. 500 ಹೇಗೆ 3000 ಆಯಿತು ಅಂತ ಅವನ ಮುಂದೆಯೇ ಇತ್ತು. ಶಾಲೆ ಬದಲಿಸುವುದರ ಬಗ್ಗೆ ನಾನು ಕೆನಡಾದ ಅಮಾಂಡಾ ಟಾಡ್ ಪ್ರಕರಣ ಹೇಳಿದೆ. ವೆಬ್‌ಕ್ಯಾಮಿನ ಒಂದು ಚಿತ್ರ ಹಿಡಿದು ಆ ಹುಡುಗಿಯನ್ನು ಒಬ್ಬ ವರ್ಷಗಟ್ಟಲೆ ಕಾಡಿದ. ಶಾಲೆ ಬದಲಿಸಿದರೂ ಹೊಸ ಗೆಳೆಯರನ್ನು ಹುಡುಕಿ ಅವರಿಗೂ ಕಳಿಸಿದ. 2012ರ ಅಕ್ಟೋಬರ್‌ನಲ್ಲಿ, 15ನೇ ವಯಸ್ಸಿಗೆ ಆ ಮಗು ತೀರಿಕೊಂಡಿತು. ಕಾಡಿದವನು ನೆದರ್‌ಲ್ಯಾಂಡ್ಸಿನ ಒಬ್ಬ ದೊಡ್ಡ ಗಂಡಸು, 22 ಬೇರೆ ಬೇರೆ ಖಾತೆ ಇಟ್ಟುಕೊಂಡಿದ್ದ. ಕೆನಡಾದ ಕೋರ್ಟು ಅವನನ್ನು ಅಪರಾಧಿ ಅಂದದ್ದು 2022ರಲ್ಲಿ. ಊರು ಬಿಟ್ಟರೆ ಇಂಟರ್ನೆಟ್ಟು ಹಿಂದೆ ಬರಲ್ಲ ಅಂತೇನಿಲ್ಲ.

ಇನ್ನೊಂದು, ನನಗೆ ಆಯ್ಕೆಯೇ ಇರಲಿಲ್ಲ. ಪೋಕ್ಸೋ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಇಂಥ ಅಪರಾಧ ಆಗಿದೆ ಅಂತ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ಹೇಳಲೇಬೇಕು. ಹೇಳದೆ ಮುಚ್ಚಿಟ್ಟರೆ ಮುಚ್ಚಿಟ್ಟ ದೊಡ್ಡವರಿಗೆ ಶಿಕ್ಷೆ ಇದೆ, ಮಗುವಿಗೆ ಇಲ್ಲ. ಮರ್ಯಾದೆ ಪ್ರಶ್ನೆ ಅನ್ನುತ್ತಿದ್ದ ಅಣ್ಣ ಇದನ್ನು ಕೇಳಿ ತೆಪ್ಪಗಾದ.

ಮೊದಲು ಹೋದ ಠಾಣೆಯಲ್ಲಿ ಮುಂದೆ ಕೂತಿದ್ದವರು, "ಹುಡುಗ ಅಲ್ವಾ, ಏನಾಗುತ್ತೆ ಬಿಡಿ, ಹುಡುಗಿ ಆಗಿದ್ರೆ ಪೋಕ್ಸೋ" ಅಂದರು. ತರಬೇತಿಯಲ್ಲಿ ತೂಕಡಿಸದೆ ಕೇಳಿಸಿಕೊಂಡ ಒಂದು ವಿಷಯ ಇದ್ದರೆ ಇದೇ: ಕಾಯ್ದೆಯಲ್ಲಿ ಇರುವುದು ಮಗು ಅನ್ನುವ ಪದ, 18ರೊಳಗಿನ ಯಾರೇ ಆಗಲಿ. ಮಗುವಿನ ಅಂಥ ಚಿತ್ರವನ್ನು ಬಳಸುತ್ತೇನೆ ಅಂತ ಲೈಂಗಿಕ ದುರುದ್ದೇಶದಿಂದ ಬೆದರಿಸುವುದೇ 11ನೇ ಸೆಕ್ಷನ್ನಿನಲ್ಲಿ ಅಪರಾಧ, ಚಿತ್ರ ನಿಜವಾದದ್ದಾಗಲಿ, ತಿರುಚಿದ್ದಾಗಲಿ. ಜಗಳ ಆಡಲಿಲ್ಲ. ಅಲ್ಲಿಂದ ನೇರ ಜಿಲ್ಲಾ ಕೇಂದ್ರದ ಸೆನ್ ಠಾಣೆಗೆ ಹೋದೆವು, ಸೈಬರ್ ಕೇಸು ನೋಡುವವರು. ಅಲ್ಲಿ ಮಾತು ಬೇರೆಯೇ ಇತ್ತು. ಸ್ಕ್ರೀನ್‌ಶಾಟುಗಳನ್ನು ದಿನಾಂಕ ಕಾಣುವ ಹಾಗೆ ಪ್ರಿಂಟ್ ಹಾಕಿಸಿ ತಗೊಂಡು ಹೋಗಿದ್ದು ಕೆಲಸಕ್ಕೆ ಬಂತು. ಖಾತೆಯ ಹೆಸರು ಮಾತ್ರ ಸಾಲದು, ಅದರ ಲಿಂಕ್ ಬೇಕು ಅಂದರು. ಹೆಸರು ಕ್ಷಣದಲ್ಲಿ ಬದಲಿಸಿಬಿಡುತ್ತಾರಂತೆ.

ಹೇಳಿಕೆ ಪಡೆಯಲು ಮರುದಿನ ಒಬ್ಬರು ಮಹಿಳಾ ಸಬ್ ಇನ್‌ಸ್ಪೆಕ್ಟರ್ ಮನೆಗೇ ಬಂದರು, ಚೂಡಿದಾರದಲ್ಲಿ. ಸಮವಸ್ತ್ರ ಇರಬಾರದು, ಮಗುವಿನ ಮನೆಯಲ್ಲೋ ಅವನು ಹೇಳಿದ ಜಾಗದಲ್ಲೋ ಆಗಬೇಕು ಅಂತ ಕಾಯ್ದೆಯಲ್ಲೇ ಇದೆ. ಅಮ್ಮ ಅವರನ್ನು ನನ್ನ ಶಾಲೆಯ ಟೀಚರ್ ಅಂದುಕೊಂಡು ಕಾಫಿ, ಕೋಡುಬಳೆ ಕೊಟ್ಟು, ಯಾವೂರಮ್ಮ ನಿಮ್ದು ಅಂತ ವಿಚಾರಿಸಿದರು. ಜೊತೆಯಲ್ಲಿ ಯಾರು ಇರಬೇಕು ಅಂತ ಆಕೆ ಹುಡುಗನನ್ನೇ ಕೇಳಿದರು. ಅವನು ನನ್ನ ಕಡೆ ನೋಡಿ, "ಅತ್ತೆ ಇರ್ಲಿ" ಅಂದ. ಅಣ್ಣ ಬಾಗಿಲಲ್ಲೇ ನಿಂತಿದ್ದ. ಏನೂ ಅನ್ನದೆ ಹೊರಗೆ ಹೋಗಿ ಜಗುಲಿ ಮೇಲೆ ಕೂತ. ಮುಕ್ಕಾಲು ಗಂಟೆ. ಕಿಟಕಿಯಿಂದ ಅವನ ಬೆನ್ನು ನನಗೆ ಕಾಣುತ್ತಿತ್ತು.

ವಿಡಿಯೋ ಹೊರಗೆ ಬಂದದ್ದು

ಉತ್ತರ ನಿಲ್ಲಿಸಿದ ಮೂರನೇ ದಿನ ಬೆದರಿಸುತ್ತಿದ್ದವನು ಕಳಿಸಿಯೇಬಿಟ್ಟ. ಇಬ್ಬರಿಗೆ. ಇದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ, ಯಾಕೆಂದರೆ ದುಡ್ಡು ನಿಲ್ಲಿಸಿದ ತಕ್ಷಣ ಮಾಯವಾಗುತ್ತಾರೆ ಅಂತ ಹೇಳುವವರಿದ್ದಾರೆ. ಬಹಳ ಸಲ ಹಾಗೇ ಆಗುತ್ತದೆ, ಆದರೆ ಗ್ಯಾರಂಟಿ ಏನಿಲ್ಲ.

ಒಬ್ಬ ಇವನ ಕ್ಲಾಸಿನ ಹುಡುಗ. ಅವನು ತೆರೆದ ಕೂಡಲೇ ಅಳಿಸಿ, ಸಂಜೆ ಮನೆಗೆ ಬಂದು, "ನಾನು ನೋಡ್ಲಿಲ್ಲ ಕಣೋ" ಅಂದ. ನೋಡಿರುತ್ತಾನೆ. ಆ ಸುಳ್ಳಿಗೆ ನಾನು ಅವನಿಗೆ ಜೀವನಪೂರ್ತಿ ಋಣಿ.

ಇನ್ನೊಬ್ಬ ದೂರದ ನೆಂಟರ ಹುಡುಗ, ಪಿಯುಸಿ. ಅವನು ಇನ್ನಿಬ್ಬರಿಗೆ ತಳ್ಳಿದ್ದ. ಅವನ ಅಪ್ಪನಿಗೆ ನಾನೇ ಕಾಲ್ ಮಾಡಿದೆ. ಗೋಗರೆಯಲಿಲ್ಲ. 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿದೆ ಮಾಮ, ಮಕ್ಕಳ ಇಂಥ ದೃಶ್ಯ ಫೋನಿನಲ್ಲಿ ಇಟ್ಟುಕೊಂಡು, ಅಳಿಸದೆ, ಪೊಲೀಸರಿಗೂ ತಿಳಿಸದೆ ಕೂತರೆ ಅದೂ ಪೋಕ್ಸೋ ಕೆಳಗೆ ಬರಬಹುದು, ನಿಮ್ಮ ಮಗ ಕಳಿಸಿಯೂ ಇದ್ದಾನೆ, ಹೆಸರು ನಾನು ಠಾಣೆಗೆ ಕೊಡಲೇಬೇಕು ಅಂದೆ. ಹತ್ತು ನಿಮಿಷದಲ್ಲಿ ಅಪ್ಪ, ಮಗ ಇಬ್ಬರೂ ಲೈನಿಗೆ ಬಂದರು. ಕಳಿಸಿಕೊಂಡವರ ಮನೆಗೂ ಅವರೇ ಹೋದರು.

ನೆಟ್ಟಿನಿಂದ ತೆಗೆಸುವ ಬಗ್ಗೆ. ಟೇಕ್ ಇಟ್ ಡೌನ್ ಅಂತ ಒಂದು ಉಚಿತ ಸೇವೆ ಇದೆ, ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆ ನಡೆಸುವುದು, 18ರೊಳಗೆ ತೆಗೆದ ಚಿತ್ರಗಳಿಗೆ. ನಮ್ಮ ವಿಡಿಯೋವನ್ನು ಅವರಿಗೆ ಕಳಿಸಬೇಕಿಲ್ಲ. ನಮ್ಮ ಫೋನಿನಲ್ಲೇ ಆ ಕಡತಕ್ಕೆ ಬೆರಳಚ್ಚಿನ ಹಾಗೆ ಒಂದು ಗುರುತಿನ ಸಂಖ್ಯೆ ತಯಾರಾಗುತ್ತದೆ, ಆ ಸಂಖ್ಯೆ ಮಾತ್ರ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಥರದ ಕಂಪನಿಗಳು ಅದಕ್ಕೆ ಹೊಂದುವ ಕಡತ ಕಂಡರೆ ತಡೆಯುತ್ತವೆ. ಅವತ್ತು ರಾತ್ರಿ ಅತ್ತಿಗೆ ಡಿಲೀಟ್ ಮಾಡಿದ್ದರೆ ಇದನ್ನು ಮಾಡಲು ನಮ್ಮ ಬಳಿ ಕಡತವೇ ಇರುತ್ತಿರಲಿಲ್ಲ. ವಾಟ್ಸಾಪಿನ ಖಾಸಗಿ ಮೆಸೇಜಿಗೆ ಇದು ತಾಗುವುದಿಲ್ಲ, ಅದೂ ಗೊತ್ತಿರಲಿ. ಇನ್‌ಸ್ಟಾಗ್ರಾಮಿಗೆ ರಿಪೋರ್ಟ್ ಮಾಡಿದ ಖಾತೆ ಎರಡು ದಿನದಲ್ಲಿ ಹೋಯಿತು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲಿ ಮಹಿಳೆ ಮತ್ತು ಮಕ್ಕಳ ವಿಷಯಕ್ಕೆ ಬೇರೆ ವಿಭಾಗವೇ ಇದೆ, ಅಲ್ಲೂ ಹಾಕಿದೆವು.

ಹಿಡಿದರಾ ಅಂತ ಎಲ್ಲರೂ ಕೇಳುತ್ತಾರೆ. ಇನ್ನೂ ಇಲ್ಲ. ಸಿಮ್ಮು ಬೇರೆ ರಾಜ್ಯದ ಯಾರದೋ ಹೆಸರಲ್ಲಿದೆ, ದುಡ್ಡು ಹೋದ ಖಾತೆ ಇನ್ಯಾರದೋ. ಕೊನೆಯ 3000 ತಡೆಹಿಡಿದಿದ್ದಾರೆ ಅಂತ ತಿಳಿಯಿತು, ಕೈಗೆ ಬಂದಿಲ್ಲ.

ಆಮೇಲೆ

ಹುಡುಗ ಎರಡು ವಾರ ಶಾಲೆಗೆ ಹೋಗಲಿಲ್ಲ. 14416ಕ್ಕೆ ಕಾಲ್ ಮಾಡಿದ್ದು ಅತ್ತಿಗೆ. ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಇರುವ ಸರ್ಕಾರದ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲ ಎರಡು ಸಲ ಮಾತಾಡಿದ್ದೂ ಅತ್ತಿಗೆಯೇ, ಮಗನ ನೆಪದಲ್ಲಿ ತನ್ನ ದುಃಖವನ್ನೇ ಹೇಳಿಕೊಂಡಳು. ಮೂರನೇ ಸಲಕ್ಕೆ ಹುಡುಗ ಫೋನ್ ಇಸ್ಕೊಂಡ. ರಾತ್ರಿ ಹಗಲು ಯಾವಾಗ ಬೇಕಾದರೂ ಮಕ್ಕಳಿಗಾಗಿ ಅಂತ 1098 ಇದೆ, ಅದು ನಮಗೆ ಬೇಕಾಗಲಿಲ್ಲ.

ಅಣ್ಣ ಮೊದಲು ಮಾಡಿದ್ದು ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಿದ್ದು, ಎಲ್ಲಾ ಮುಗೀತು ಅನ್ನುವ ಹಾಗೆ. ಎಷ್ಟು ಹೊತ್ತು, ಯಾವ ಆ್ಯಪ್ ಅಂತ ಅದು ಹೇಳುತ್ತದೆ, ರಾತ್ರಿ ಲಾಕ್ ಮಾಡುತ್ತದೆ. ಒಳಗೆ ಯಾರು ಏನು ಬರೆಯುತ್ತಿದ್ದಾರೆ ಅಂತ ಅದಕ್ಕೆ ಗೊತ್ತಾಗಲ್ಲ. ಹೊಲದ ಬೇಲಿ ಥರ, ಇರಲಿ, ಆದರೆ ಬೇಲಿ ಹಾಕಿ ಹೊಲಕ್ಕೇ ಹೋಗದಿದ್ದರೆ?

ಇನ್‌ಸ್ಟಾಗ್ರಾಮ್ ಖಾತೆ ನೋಡಿದಾಗ ಒಂದು ವಿಷಯ ಗೊತ್ತಾಯಿತು. ಹುಟ್ಟಿದ ವರ್ಷ 2001 ಅಂತ ಹಾಕಿದ್ದ. ಮಕ್ಕಳ ಖಾತೆಗೆ ಅಪರಿಚಿತರು ಮೆಸೇಜು ಮಾಡದ ಹಾಗೆ ತಡೆಯುವ ಟೀನ್ ಅಕೌಂಟ್ ವ್ಯವಸ್ಥೆ ಭಾರತಕ್ಕೆ 2025ರ ಫೆಬ್ರವರಿಯಲ್ಲೇ ಬಂದಿತ್ತು. ಕಂಪನಿಯ ಲೆಕ್ಕದಲ್ಲಿ ಇವನು 24 ವರ್ಷದ ಯುವಕ, ಇವನಿಗೆ ಅದ್ಯಾವುದೂ ಅನ್ವಯವೇ ಆಗಿರಲಿಲ್ಲ. ನಿಮ್ಮ ಮನೆಯಲ್ಲೂ ಆ ಒಂದು ಜಾಗ ನೋಡಿ, ಬೈಯದೆ ನೋಡಿ. ಈಗ ಹೊಸ ಖಾತೆ, ನಿಜವಾದ ವಯಸ್ಸು. ಗೇಮಿನ ಚಾಟ್ ಬಂದ್. ರಾತ್ರಿ ಮನೆಯ ಎಲ್ಲಾ ಫೋನುಗಳೂ, ಅಣ್ಣನದೂ ಸೇರಿ, ಹಾಲಿನಲ್ಲಿ ಟಿವಿ ಪಕ್ಕ ಚಾರ್ಜಿಗೆ. ಅಣ್ಣನದೂ ಸೇರಿ ಅನ್ನುವುದಕ್ಕೆ ಅವನು ಒಪ್ಪಲು ಒಂದು ವಾರ ಬೇಕಾಯಿತು.

ಗೌರಿ ಹಬ್ಬಕ್ಕೆ ಅಣ್ಣ ಬಾಗಿನ ತಗೊಂಡು ಬಂದ, ಮಗನನ್ನೂ ಕರಕೊಂಡು. ಬಸ್ಸಿನಲ್ಲಿ ಬರುವಾಗ ಆ ಗೇಮ್ ಹೇಗಾಡೋದು ಅಂತ ಮಗನ ಕೈಲಿ ಹೇಳಿಸಿಕೊಂಡನಂತೆ. ಮೂರೇ ನಿಮಿಷಕ್ಕೆ ಸತ್ತೆ ಅಂತ ನಗುತ್ತಾ ಹೇಳಿದ. ಕ್ಷಮೆ ಗಿಮೆ ಕೇಳುವ ಜಾತಿ ಅಲ್ಲ ನಮ್ಮಣ್ಣ. ಆದರೆ "ನಮ್ಮನೆ ಕಳ್ಳ" ಅನ್ನುವ ಮಾತನ್ನು ಆಮೇಲೆ ಅವನ ಬಾಯಲ್ಲಿ ಕೇಳಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ರಾತ್ರಿ ನಡೆದದ್ದನ್ನು ಅತ್ತಿಗೆ ಹೇಳಿದಳು. ಊಟದ ಹೊತ್ತು. ಹುಡುಗ ಫೋನನ್ನು ಅಪ್ಪನ ತಟ್ಟೆ ಪಕ್ಕ ಇಟ್ಟು, "ಅಪ್ಪಾ, ಯಾರೋ ಮೆಸೇಜ್ ಮಾಡಿದಾರೆ, ಗೊತ್ತಿಲ್ಲದೋರು. ನೋಡಿ" ಅಂದ. ಅಣ್ಣನ ದವಡೆ ಬಿಗಿಯಾಯಿತಂತೆ. ಅತ್ತಿಗೆ ಉಸಿರು ಹಿಡಿದು ನಿಂತಳಂತೆ. ಅಣ್ಣ ಎಡಗೈಯಲ್ಲಿ ಫೋನ್ ತಿರುಗಿಸಿ ಓದಿ, "ಬ್ಲಾಕ್ ಮಾಡು" ಅಂತ ವಾಪಸ್ ಅವನ ಕೈಗೇ ಕೊಟ್ಟ. ಆಮೇಲೆ ಕೈ ತೊಳೆದು ಅಂಗಳಕ್ಕೆ ಹೋಗಿ, ಕತ್ತಲಲ್ಲಿ ಸುಮ್ನೆ ಎರಡು ಸುತ್ತು ಹಾಕಿ ಬಂದನಂತೆ.